ನಾವೂ ಹೇಳೂದಿಲ್ಲ

ಕಪ್ಪತಗುಡ್ಡದಿಂದ ಇಳಿದ ಮಂಜು ಹೊತ್ತು ಮಾರುದ್ದ ಏರಿದರೂ ಮುಂಡರಗಿಯಿಂದ ಕದಲಿರಲಿಲ್ಲ. ಪುಷ್ಯಮಾಸದಲ್ಲಿ ವರ್ಷಕ್ಕೆ ಎರಡೋ ಮೂರೋ ದಿನ ಹೀಗಾಗುವುದುಂಟು. ಊರ ಹೊರಗಿನ ಹೊಲದಲ್ಲಿ ಕುಣಿ ತೋಡುತ್ತಿದ್ದ ಇಬ್ಬರು ಒಬ್ಬರಿಗೊಬ್ಬರು ಸರಿಯಾಗಿ ಕಾಣುತ್ತಿರಲಿಲ್ಲ. ದಂಡೆಯ ಮೇಲೆ ನಿಂತಿದ್ದ ಸಿದ್ದಾರೂಢ, ತನ್ನ ತಮ್ಮನಿಗಾಗಿ ತೋಡಿಸುತ್ತಿದ್ದ ಆ ಕುಣಿಯ ಆಳವನ್ನು ಗುದ್ದಲಿಯ ಸಪ್ಪಳದಿಂದಲೇ ಅಂದಾಜು ಮಾಡುತ್ತಿದ್ದ.

"ಎಲ್ಲೀತನಾ ಬಂತೋ?"

"ಎದಿಮಟ ಆಗೇತ್ರಿ ಎಪ್ಪಾ. ಕರಿ ಮಣ್ಣ ಮುಗದು ಗರಸ ಹತ್ತೇತಿ."

"ಕುಂಡ್ರಸೂ ಗೂಡು ಸ್ವಲ್ಪ ಅಗಲ ತಗೀರಿ. ಅವಗ ಕಾಲ ಮಡಚಿ ಕುಂಡ್ರೂದಂದ್ರ ಮೊದಲಿಂದ ಆಗಿಬರೂದಿಲ್ಲ. ಉಣ್ಣಾಕ ಕುಂತ್ರೂ ಒಂದ ಕಾಲ ಚಾಚೇ ಕುಂಡ್ರತಿದ್ದ. ನಮ್ಮಪ್ಪ ಆ ಕಾಲಿಗೆ ಎಷ್ಟ ಸಲ ಹೊಡದಾನ."

ಕುಣಿಯೊಳಗಿನವರು ನಕ್ಕರು. ಸಿದ್ದಾರೂಢನೂ ನಕ್ಕ. ಆಮೇಲೆ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡು, ಮನೆಯ ಕಡೆ ಹೆಜ್ಜೆ ಹಾಕಿದ.

ಮನೆಯ ಪಡಸಾಲೆಯಲ್ಲಿ ಉಳವಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ತಲೆಗೆ ಬಿಳಿಯ ರುಮಾಲು. ಐವತ್ತಾರು ವಯಸ್ಸು. ಹುಬ್ಬಳ್ಳಿಯ ಕಡೆ ಒಂದು ಖಾಸಗಿ ವಿಮಾನ ಕಂಪನಿಯಲ್ಲಿ ಪ್ರಯಾಣಿಕರ ಸಾಮಾನು ಏರಿಸುವ, ಇಳಿಸುವ ಕೆಲಸ ಮಾಡಿಕೊಂಡು ಹನ್ನೆರಡು ವರ್ಷ ಕಳೆದಿದ್ದ. ಅಲ್ಲಿಯೇ ಒಂದು ಕೋಣೆ ಹಿಡಿದಿದ್ದ. ವಾರಕ್ಕೊಮ್ಮೆ ಬಸ್ಸಿಗೆ ಊರಿಗೆ ಬರುವನು. ನಿನ್ನೆಯೂ ಹಾಗೆಯೇ ಬಂದಿದ್ದ. ಚಹಾ ಕುಡಿದು, ಕಪ್ಪು ಕೆಳಗಿಟ್ಟು, "ಗದಿಗೆವ್ವಾ, ಎದಿ ಯಾಕೋ ಹಿಡದಂಗ ಆಗೇತಿ" ಎಂದವನು ಮತ್ತೆ ಮಾತಾಡಲಿಲ್ಲ.

ಅಂಗಳದಲ್ಲಿ ಪಕ್ಕದ ಮನೆಯ ಲಕ್ಷ್ಮಪ್ಪ ಬಿದಿರು ಸೀಳಿ, ಚೆಂಡುಹೂವಿನ ಸರ ಸುತ್ತಿ ವಿಮಾನ ಕಟ್ಟುತ್ತಿದ್ದ. ಲಿಂಗಾಯತರಲ್ಲಿ ಹೆಣವನ್ನು ಕೂರಿಸಿ ಒಯ್ಯುವ ಮಂಟಪಕ್ಕೆ ಆ ಹೆಸರು. ಭಜನೆಯವನೊಬ್ಬ ತಾಳ ಕೆಳಗಿಟ್ಟು, "ಅಲ್ಲೋ ಲಕ್ಷ್ಮಪ್ಪಾ, ಇಷ್ಟ ವರ್ಷ ಮಂದಿ ಸಾಮಾನ ವಿಮಾನಕ್ಕ ಏರಿಸಿದಾಂವ..." ಎಂದು ಬಾಯಿ ತೆರೆದ.

"ಸುಮ್ಮನಿರಪಾ," ಎಂದ ಲಕ್ಷ್ಮಪ್ಪ. "ಆ ಮಾತು ಮುಂಜಾನಿಂದ ಹತ್ತ ಮಂದಿ ಆಡ್ಯಾರ. ಬ್ಯಾರೇದ ಏನರ ಇದ್ರ ಹೇಳು, ಇಲ್ಲಾ ದಾರ ಹಿಡಿ."

ಒಳಗೆ ಮಗಳು ಕಾಂಚನಾ ತಾಯಿಯ ಬೆನ್ನು ಸವರುತ್ತಿದ್ದಳು. ಶಿರಹಟ್ಟಿಯಲ್ಲಿ ಶಾಲೆಯ ಶಿಕ್ಷಕಿ ಆಕೆ, ರಾತ್ರಿಯೇ ಬಂದಿದ್ದಳು. ಗದಿಗೆವ್ವ ಅಳುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದಳು.

"ಯಾರ ದಾರಿ ಕಾಯಾಕ್ಹತ್ತಿ ಅವ್ವಾ?"

"ನಿಮ್ಮಪ್ಪನ ಡ್ಯೂಟಿ ಮಂದಿ."

"ಅವರೇನ ಬರ್ತಾರ? ಒಂದೂವರಿ ವರ್ಷ ಆತು, ಒಬ್ಬರರ ಅಪ್ಪನ ಕೂಡ ಮಾತಾಡ್ಯಾರೇನ?"

"ಬರಬೇಕ ತಂಗಿ. ನನಗ ಅವರನ್ನ ಒಂದ ಮಾತ ಕೇಳೂದೈತಿ."

ಆ ಒಂದು ಮಾತು ಏನೆಂಬುದು ಕಾಂಚನಾಳಿಗೆ ಗೊತ್ತಿತ್ತು. ಬೆಟಗೇರಿಯ ಅಝೀಮ, ಎರಡು ಮಕ್ಕಳ ತಂದೆ, ಉಳವಪ್ಪನ ಜೊತೆಯೇ ದುಡಿಯುತ್ತಿದ್ದವನು, ಕೆಲಸ ಕಳೆದುಕೊಂಡಿದ್ದ. ಸಾಹೇಬರಿಗೆ ಅವನ ಹೆಸರು ಕೊಟ್ಟವನು ಉಳವಪ್ಪ ಎಂದು ಎಲ್ಲರೂ ಆಡಿಕೊಂಡಿದ್ದರು. ಗದಿಗೆವ್ವ ಗಂಡನನ್ನು ಒಮ್ಮೆ ಮಾತ್ರ ಕೇಳಿದ್ದಳು. "ನನ್ನಿಂದನ ಆತು," ಎಂದು ಆತ ಗೋಡೆಯ ಕಡೆ ಮಗ್ಗುಲಾಗಿದ್ದ. ಅಂದಿನಿಂದ ಆಕೆ ಕೇಳಲಿಲ್ಲ, ಆತ ಹೇಳಲಿಲ್ಲ. ಒಂದು ಮನೆಯ ಒಲೆ ಕಸಿದುಕೊಂಡ ಕೈಗೆ ತಾನು ರೊಟ್ಟಿ ನೀಡುತ್ತಿದ್ದೇನೆಯೇ ಎಂಬ ಅನುಮಾನ ಅವಳ ಹೊಟ್ಟೆಯಲ್ಲಿ ಉಳಿದುಬಿಟ್ಟಿತ್ತು. ಇನ್ನು ಎರಡು ತಾಸಿಗೆ ಅವನ ಮೇಲೆ ಮಣ್ಣು ಬೀಳುತ್ತದೆ. ಹೆಸರು ಕೊಟ್ಟನೋ ಇಲ್ಲವೋ? ಅದು ತಿಳಿಯದೆ ಹೋದರೆ, ಆಕೆ ಯಾವ ಗಂಡನಿಗೆ ಅಳಬೇಕು?

*

ಎರಡು ವರ್ಷದ ಹಿಂದಿನ ಮಳೆಗಾಲ. ಒಂದು ಸಂಜೆ ಕಡೆಯ ವಿಮಾನ ತಡವಾಗಿ ಬಂದಿತ್ತು. ಬಂದ ಸಾಮಾನು ಇಳಿಸಿ, ಹೋಗುವ ಸಾಮಾನು ಏರಿಸಲು ಇಪ್ಪತ್ತೈದು ನಿಮಿಷ. ಅವಸರದಲ್ಲಿ ಅಝೀಮ ಸಾಮಾನು ಬಂಡಿಗಳನ್ನೆಳೆಯುವ ಟ್ರ್ಯಾಕ್ಟರು ತಿರುಗಿಸುವಾಗ ಹಿಂದಿನ ಬಂಡಿಯ ಮೂಲೆ ವಿಮಾನದ ಹೊಟ್ಟೆಗೆ ತಾಗಿತು. ಅಂಗೈಯಷ್ಟು ತಗ್ಗು ಬಿತ್ತು.

ಇಂಥದು ಆದಾಗ ನಿಂತ ನಿಲುವಿನಲ್ಲೇ ಹೇಳಬೇಕು. ಇಂಜಿನಿಯರು ಬಂದು ನೋಡುವವರೆಗೆ ವಿಮಾನ ಹಾರುವಂತಿಲ್ಲ. 'ತಪ್ಪನ್ನು ಭಯವಿಲ್ಲದೆ ಹೇಳಿ, ನಾವೆಲ್ಲ ಒಂದೇ ಕುಟುಂಬ' ಎಂದು ಕಂಪನಿಯೇ ಗೋಡೆಗೆ ಹಾಳೆ ಅಂಟಿಸಿತ್ತು. ಆ ಹಾಳೆಯನ್ನು ನಂಬಿದವನು ಒಬ್ಬನಿದ್ದ, ಫಕ್ರುಸಾಬ. ಏಣಿ ಬಿದ್ದು ದೀಪ ಒಡೆದದ್ದನ್ನು ತಾನಾಗಿ ಹೋಗಿ ಹೇಳಿದ. ಎಂಟು ದಿನಕ್ಕೆ ಅವನ ಗೇಟಿನ ಪಾಸು ಕಿತ್ತುಕೊಂಡು ಕೆಲಸದಿಂದ ತೆಗೆದರು. ಹಾಳೆ ಮಾತ್ರ ಗೋಡೆಯ ಮೇಲೆ ಹಾಗೇ ಇತ್ತು.

ಲಕ್ಷ್ಮೇಶ್ವರದ ಮೌಲಾಸಾಬ ಅವರಲ್ಲಿ ಹಿರಿಯ. ಉಳವಪ್ಪನ ಜೊತೆ ಒಂದೇ ಕೋಣೆಯಲ್ಲಿ ಹತ್ತು ವರ್ಷ ಇದ್ದವನು. ಅವನು ತಗ್ಗನ್ನು ನೋಡಿದ, ಅಝೀಮನ ಮುಖ ನೋಡಿದ.

"ಯಾರೂ ಏನೂ ನೋಡಿಲ್ಲ. ತಿಳೀತಿಲ್ಲೋ?"

ಯಾರೂ ನೋಡಲಿಲ್ಲ. ವಿಮಾನ ಹಾರಿತು, ದೇವರ ದಯೆ, ಸುರಕ್ಷಿತವಾಗಿ ಇಳಿಯಿತು. ಮರುದಿನ ಬೇರೊಂದು ಊರಿನ ಇಂಜಿನಿಯರ ಕಣ್ಣಿಗೆ ತಗ್ಗು ಬಿತ್ತು. ವಿಚಾರಣೆ ನಡೆಯಿತು. ಒಬ್ಬೊಬ್ಬರಾಗಿ ಒಳಗೆ ಹೋಗಿ "ನಾ ನೋಡಿಲ್ರಿ" ಎಂದು ಬಂದರು. ಉಳವಪ್ಪನೂ ಅದನ್ನೇ ಹೇಳಿ ಬಂದ.

ಆ ದಿನ ಕೋಣೆಯಲ್ಲಿ ಅವನಿಗೆ ತುತ್ತು ಇಳಿಯಲಿಲ್ಲ.

"ಮೌಲಾ, ಎಪ್ಪತ್ತ ಮಂದಿ ಕುಂತಿದ್ರೋ ಅದರಾಗ."

"ಕುಂತಿದ್ರು, ಇಳದ್ರು, ಮನೀಗೆ ಹೋಗಿ ಮಲಗ್ಯಾರ. ನೀ ಉಣ್ಣು."

"ಪೂಜಿಗೆ ಕುಂತ್ರ ಕೈಯಾಗಿನ ಲಿಂಗ ವಜ್ಜಿ ಆಗೇತಿ ಅನಸ್ತೈತಿ."

"ಸಾಹೇಬ್ರಿಗೆ ಹಂಗ ಏನರ ಅನಸ್ತೈತೇನು? ಇಲ್ಲ. ಅವರು ಗಡದ್ದ ಉಣ್ತಾರ. ನಮಗ ಅಷ್ಟ ಯಾಕ ಬೇಕಪಾ?"

ಮುಂದೆ ಆರು ತಿಂಗಳಿಗೆ ದೊಡ್ಡ ಕಚೇರಿಯಿಂದ ಒಂದು ಪ್ರಶ್ನೆಪತ್ರ ಬಂತು. ಕೆಲಸದವರ ಮನಸ್ಸು ತಿಳಿಯಲು ಹತ್ತು ಪ್ರಶ್ನೆ. ಟಿಕೆಟ್ ಕೌಂಟರಿನ ನಿಶಾತ ಎಲ್ಲರಿಗೂ ಹಂಚಿದಳು.

"ಹೆಸರ ಬರೀಬ್ಯಾಡ್ರಿ ಚಾಚಾ. ಯಾರ ಬರದ್ರಂತ ಯಾರಿಗೂ ಗೊತ್ತಾಗೂದಿಲ್ಲ."

"ಯಾರಿಗೂ ಗೊತ್ತಾಗದಿದ್ರ ಬರದ ಏನ ಮಾಡೂದವಾ? ಹೆಸರಿಲ್ಲದ ಕಾಗದ ಅಂದ್ರ ಗ್ವಾಡಿ ಆಚಿಂದ ಒಗದ ಕಲ್ಲು," ಎಂದ ಉಳವಪ್ಪ.

ಮಿಕ್ಕವರು ಒಂದೇ ಪೆನ್ನನ್ನು ಕೈಯಿಂದ ಕೈಗೆ ದಾಟಿಸುತ್ತ ಎಲ್ಲ ಪ್ರಶ್ನೆಗೂ 'ಹೌದು' ಎಂದು ಗುರುತು ಹಾಕಿದರು. ಆರನೆಯ ಪ್ರಶ್ನೆ ಹೀಗಿತ್ತು: 'ನಿಮ್ಮ ಮೇಲಧಿಕಾರಿಗಳು ನಿಮಗೆ ನಿಜ ಹೇಳುತ್ತಾರೆಯೇ?' ಉಳವಪ್ಪ ಬಹಳ ಹೊತ್ತು ಯೋಚಿಸಿ, ಗುಂಡಗಿನ ಅಕ್ಷರದಲ್ಲಿ ಬರೆದ: 'ಇಲ್ಲ. ನಾವೂ ಹೇಳೂದಿಲ್ಲ.' ಕೆಳಗೆ ತನ್ನ ಹೆಸರು, ತಂದೆಯ ಹೆಸರು, ಮುಂಡರಗಿ ಎಂದು ಊರಿನ ಹೆಸರು ಬರೆದು ಸಹಿ ಮಾಡಿದ.

*

ಹನ್ನೊಂದು ಗಂಟೆಗೆ ಮಂಜು ತೆಳುವಾಗತೊಡಗಿದಾಗ ಬಾಗಿಲಲ್ಲಿ ಇಬ್ಬರು ಕಾಣಿಸಿಕೊಂಡರು. ಮೌಲಾಸಾಬ, ಅವನ ಹಿಂದೆ ನಿಶಾತ. ಮೌಲಾಸಾಬ ಅಂಗಳದಲ್ಲೇ ನಿಂತ. ನಿಶಾತ ಒಳಗೆ ಬಂದು, ಉಳವಪ್ಪನ ಪಾದದ ಬಳಿ ಹೂವಿಟ್ಟು, ಗದಿಗೆವ್ವನ ಪಕ್ಕದಲ್ಲಿ ಕುಳಿತಳು.

"ಕಂಪನೀಯಿಂದ ಒಂದ ಸಂದೇಶ ಬಂದೈತ್ರಿ ಅಮ್ಮಾ. ಓದ್ರಿ ಅಂದಾರ." ಅವಳು ಮೊಬೈಲು ತೆಗೆದಳು. "ನಮ್ಮ ಕುಟುಂಬದ ಅಮೂಲ್ಯ ಸದಸ್ಯರಾದ..."

"ಕುಟುಂಬಂತ!" ಸಿದ್ದಾರೂಢ ಬಾಗಿಲಿಂದಲೇ ಅಂದ. "ಹನ್ನೆರಡ ವರ್ಷ ಗುತ್ತಿಗಿ ಮ್ಯಾಲ ದುಡಿಸ್ಯಾರ, ಪಕ್ಕಾ ಮಾಡವಲ್ರು. ಇಂಥಾ ಕುಟುಂಬ ನಮ್ಮ ವೈರಿಗೂ ಬ್ಯಾಡ."

"ಮುಚ್ಚಿಡವಾ ಅದನ್ನ," ಎಂದಳು ಗದಿಗೆವ್ವ. "ನನಗ ಒಂದ ಹೇಳು. ಇವರು ಬರದ ಕಾಗದ ನೀ ನೋಡಿದ್ದೇನು?"

ನಿಶಾತ ಮೊಬೈಲನ್ನು ಮಡಿಲಿಗಿಟ್ಟಳು. "ನೋಡೇನ್ರಿ. ಅವನ್ನೆಲ್ಲಾ ಕೂಡಿಸಿದಾಕಿ ನಾನ. ಅದರಾಗ ಅಝೀಮನ ಹೆಸರ ಇರಲಿಲ್ಲ. ಯಾರ ಹೆಸರೂ ಇರಲಿಲ್ಲ, ತಮ್ಮ ಹೆಸರೊಂದ ಬಿಟ್ಟು."

ಕಾಂಚನಾ ತಾಯಿಯ ಕೈ ಹಿಡಿದಳು. ಗದಿಗೆವ್ವ ಬಿಡಿಸಿಕೊಂಡಳು.

"ಮತ್ತ ಸಾಹೇಬಗ ಹೆಂಗ ಗೊತ್ತಾತು?"

"ಅದ ನೋಡ್ರಿ ನನಗ ತಿಳೀದು. ಸಹಿ ಇತ್ತಲ್ಲ, ಚಾಚಾರನ್ನ ಒಳಗ ಕರದ್ರು. ಅರ್ಧಾ ತಾಸ ಇದ್ರು. ಒಳಗ ಏನ ಅಂದ್ರೋ, ಏನ ಬಿಟ್ರೋ. ನಾಕ ದಿನಕ್ಕ ಅಝೀಮನ್ನ ತಗದ್ರು. ಅವತ್ತ ಸಾಹೇಬ್ರು ಹೊರಗ ಬಂದು, ಎಲ್ಲಾರ ಮುಂದ ಚಾಚಾನ ಹೆಗಲ ಮ್ಯಾಲ ಕೈ ಇಟ್ಟು, 'ನಿಮ್ಮೊಳಗ ಖರೆ ಹೇಳಾಂವ ಇವ ಒಬ್ಬನ ನೋಡ್ರಿ' ಅಂದ್ರು."

"ಹೊಗಳಿ ಹೊಂಡಕ್ಕ ಕೆಡವಿದಾ," ಎಂದ ಸಿದ್ದಾರೂಢ.

"ಆಮ್ಯಾಲ ಆ ಸಾಹೇಬ್ರ ಎಲ್ಲಿಗೋ ವರ್ಗಾ ಆಗಿ ಹೋದ್ರು. ಮಾತು ಇಲ್ಲೇ ಉಳೀತು."

"ಇವರು ಏನಂದ್ರು ಅವತ್ತು?"

"ಏನೂ ಅನ್ನಲಿಲ್ರಿ. ಅಲ್ಲ ಅಂತ ಒಂದ ಮಾತ ಅಂದಿದ್ರ..." ನಿಶಾತ ನೆಲ ನೋಡಿದಳು. "ಅನ್ನಲಿಲ್ಲ."

ಅಂದರೆ ಪ್ರಶ್ನೆ ಇದ್ದಲ್ಲೇ ಇತ್ತು. ಕಾಗದದಲ್ಲಿ ಬರೆಯದ ಹೆಸರನ್ನು ಬಾಯಿಯಿಂದ ಹೇಳಿರಬಹುದಲ್ಲ. ಗದಿಗೆವ್ವ ಗಂಡನ ಮುಖ ನೋಡಿದಳು. ವಿಭೂತಿಯ ಕೆಳಗೆ ಆ ಮುಖ ನಿನ್ನೆಯಷ್ಟೇ ಸುಮ್ಮನಿತ್ತು.

ಅಯ್ಯನವರು ಬಂದರು. ವಾಡಿಕೆಯಂತೆ ಹೆಣದ ತಲೆಯ ಮೇಲೆ ಪಾದ ಇಟ್ಟರು, ಮಂತ್ರ ಹೇಳಿದರು. ಉಳವಪ್ಪನನ್ನು ಎತ್ತಿ ಹೂವಿನ ಮಂಟಪದಲ್ಲಿ ಕೂರಿಸಿದಾಗ ಒಂದು ಕಾಲು ಮಡಚಲೊಲ್ಲದಾಯಿತು. "ಬಿಡ್ರಿ, ಇರ್ಲಿ," ಎಂದ ಸಿದ್ದಾರೂಢ. "ಈಗ ಹೊಡಿಯಾಕ ಅಪ್ಪ ಇಲ್ಲ."

ತಾಳ, ದಪ್ಪು ಮುಂದಾದವು. ಓಣಿ ದಾಟಿ, ಬಸ್ ನಿಲ್ದಾಣದ ಹಿಂದಿನ ದಾರಿ ಹಿಡಿದು ಮೆರವಣಿಗೆ ಹೊಲದ ಕಡೆ ಹೊರಟಿತು. ಮೌಲಾಸಾಬ ಎಲ್ಲರಿಗಿಂತ ಹಿಂದೆ ಇದ್ದ. ಹೆಗಲು ಕೊಡಲು ಲಕ್ಷ್ಮಪ್ಪ ಎರಡು ಸಲ ಕರೆದ. ಮೌಲಾಸಾಬ ತಲೆಯಾಡಿಸಿದ.

*

ಉಳವಪ್ಪನನ್ನು ಗೂಡಿನಲ್ಲಿ ಕೂರಿಸಿ, ಬಿಲ್ವಪತ್ರೆ, ವಿಭೂತಿ ಸುರಿದಾಗಿತ್ತು. ಅಯ್ಯನವರು "ಹಿಡಿ ಮಣ್ಣ ಕೊಡವರು ಬರ್ರಿ" ಎಂದರು. ಅದೇ ಹೊತ್ತಿಗೆ ಬದುವಿನ ಆಚೆ ಸಾಮಾನು ಹೇರುವ ಆಟೊ ಒಂದು ಬಂದು ನಿಂತಿತು. ಇಳಿದವನು ಓಡುತ್ತ ಬಂದ. ಮೂವತ್ತರ ಆಸುಪಾಸಿನ, ಬಡಕಲು ಮೈಯ ಮನುಷ್ಯ. ಅಂಗಿಯ ತುಂಬ ಹಿಟ್ಟಿನ ಧೂಳು. ಮಾರ್ಕೆಟ್ಟಿನಲ್ಲಿ ಹೇರು ಇಳಿಸುತ್ತಿದ್ದವನು ಖಬರು ತಿಳಿದು ಹಾಗೆಯೇ ಬಂದಿದ್ದ.

ಸಿದ್ದಾರೂಢ ಅಡ್ಡ ನಿಂತ. "ನೀ ಬೆಟಗೇರಿ ಅಝೀಮ ಅಲ್ಲೇನು?"

"ಹೌದ್ರಿ."

"ಜಗಳ ತಗೀಯಾಕ ಬಂದಿದ್ರ ಇವತ್ತ ಬ್ಯಾಡಪಾ. ಹೊಳ್ಳಿ ಹೋಗು."

"ಬಿಡ್ರಿ ಅವನ್ನ," ಎಂದಳು ಗದಿಗೆವ್ವ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಮಣ್ಣ ಬೀಳೂಕಿಂತ ಮೊದಲ ಬಂದಿ, ಚಲೋ ಆತು. ನನ್ನ ಮುಂದ ಹೇಳು. ಇವರು ನಿನ್ನ ಹೆಸರ ಕೊಟ್ಟಿದ್ರೇನು?"

ಅಝೀಮ ಕುಣಿಯೊಳಗೆ ನೋಡಿದ. ಒಂದು ಕಾಲು ಚಾಚಿ ಕುಳಿತ ಆ ಮನುಷ್ಯನನ್ನು ನೋಡುತ್ತ ದಂಡೆಯ ಮೇಲೆ ಕುಳಿತ.

"ಇಲ್ಲ ಯವ್ವಾ. ಕಾಕಾ ಕೊಡಲಿಲ್ಲ. ನನ್ನ ಹೆಸರ ನಾನ ಕೊಟ್ಟೆ."

*

ಸಾಹೇಬರ ಕೋಣೆಯಿಂದ ಉಳವಪ್ಪ ಹೊರಬಂದ ದಿನ, ಅಝೀಮ ಅವನಿಗಾಗಿ ಗೇಟಿನ ಹೊರಗೆ ಕಾದಿದ್ದ.

"ಏನ ಕೇಳಿದ್ರು ಕಾಕಾ?"

"ಯಾರ ಬಡದ್ರು ಹೇಳು ಅಂದ್ರು. 'ನಾ ಸುಳ್ಳ ಹೇಳೇನ್ರಿ, ನನ್ನ ಸುಳ್ಳಿಗೆ ನನ್ನ ತಗೀರಿ. ಬ್ಯಾರೇದವರ ಖರೆ ನನ್ನ ಬಾಯಾಗ ಇಲ್ಲ' ಅಂದೆ."

ಅಝೀಮ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತ. "ಸಾಹೇಬ್ರು ನನ್ನೂ ಕರದಿದ್ರು ಕಾಕಾ. ಖರೆ ಹೇಳಿದವರಿಗೆ ಏನೂ ಮಾಡೂದಿಲ್ಲ, ಅಂತ ತಮ್ಮ ಮಕ್ಕಳ ಮ್ಯಾಲ ಆಣಿ ಮಾಡಿದ್ರು. ಹೇಳಲ್ಯಾ?"

ಆ ಕ್ಷಣ ಉಳವಪ್ಪ ಫಕ್ರುಸಾಬನನ್ನು ನೆನೆಯಲಿಲ್ಲ. ಇಲ್ಲವೆ, ನೆನೆದೂ ಮಕ್ಕಳ ಮೇಲೆ ಆಣೆ ಇಟ್ಟವನು ಸುಳ್ಳಾಡಲಾರ ಎಂದು ನಂಬಿದ. ಅವನು ನಂಬಿದ ಲೋಕದಲ್ಲಿ ಯಾರೂ ಮಕ್ಕಳ ಹೆಸರು ಹಿಡಿದು ಸುಳ್ಳು ಹೇಳುತ್ತಿರಲಿಲ್ಲ.

"ಹೇಳು ಅಝೀಮಾ. ಹೇಳಿ ಹಗುರ ಆಗು."

ಅವನು ಹೋಗಿ ಹೇಳಿದ. ನಾಲ್ಕು ದಿನಕ್ಕೆ ಪಾಸು ಹೋಯಿತು.

ಬೆಟಗೇರಿಯ ಮನೆಯಲ್ಲಿ ತಾಯಿ, "ನಿನ್ನ ಹೆಸರ ಯಾರ ಹೇಳಿದ್ರೋ?" ಎಂದು ಎದೆ ಬಡಿದುಕೊಂಡಾಗ, ಸಾಹೇಬನ ಮಾತು ನಂಬಿ ನಾನೇ ಹೇಳಿದೆ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಅದಾಗಲೇ ಎಲ್ಲರೂ ಉಳವಪ್ಪನ ಹೆಸರು ಆಡುತ್ತಿದ್ದರು. ಅವನು ಸುಮ್ಮನಾದ.

ಎಂಟನೆಯ ದಿನ ಉಳವಪ್ಪ ಆ ಮನೆಗೆ ಬಂದ. ಅಝೀಮ ಒಳಗೆ ಮಗ್ಗದ ಮರೆಗೆ ಸರಿದ. ಹೊರಗೆ ತಾಯಿ ಬಾಯಿಗೆ ಬಂದದ್ದು ಬೈದಳು. ಚಾಡಿಕೋರ ಅಂದಳು, ನಿನ್ನ ಬಾಯಾಗ ಹುಳ ಬೀಳಲಿ ಅಂದಳು. ಓಣಿಯ ಮಗ್ಗಗಳೆಲ್ಲ ನಿಂತು ಕೇಳಿದವು. ಉಳವಪ್ಪನ ಒಂದೇ ಮಾತು ಒಳಗೆ ಬಂತು.

"ಹೌದ್ರಿ ಯವ್ವಾ. ತಪ್ಪ ನಂದೈತಿ."

*

ಹೇಳಿ ಮುಗಿಸಿದ ಅಝೀಮ ಕುಣಿಯ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದ. "ಮಗ್ಗದ ಹಿಂದಿಂದ ಹೊರಗ ಬರಾಕ ನಾಕ ಹೆಜ್ಜಿ ಇತ್ತ ಯವ್ವಾ. ಒಂದೂವರಿ ವರ್ಷ ಬೇಕಾತು."

ತಾಳ ಹಿಡಿದವನ ಕೈ ಹಾಗೇ ನಿಂತಿತ್ತು. ಮಂಜು ಪೂರ ಹರಿದು ಎಳೆಬಿಸಿಲು ಕಡಲೆಯ ಹೊಲದ ಮೇಲೆಲ್ಲ ಹರಡಿತ್ತು.

"ಹಂಗಾದ್ರ ಹೆಸರ ಕೊಡಲಿಲ್ಲ," ಎಂದಳು ಗದಿಗೆವ್ವ.

"ಇಲ್ಲ ಯವ್ವಾ."

ಆಕೆ ಉಸಿರು ಬಿಟ್ಟಳು. ಒಳಗಿನಿಂದ ಎಷ್ಟೋ ದಿನದ ಉಸಿರು ಹೊರಗೆ ಬಂದಂತಿತ್ತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಣಿಯ ಕಡೆ ಬಗ್ಗಿ, ಮೂವತ್ತು ವರ್ಷ ಮನೆಯೊಳಗೆ ಬೈದ ಹಾಗೆಯೇ ಗಂಡನನ್ನು ಬೈದಳು.

"ಎಲ್ಲಿ ಹುಚ್ಚ ಮನಿಶ್ಯಾ ನೀನು! ಕಟಗೊಂಡ ಹೇಂತಿಗರ ಹೇಳಬೇಕಿಲ್ಲೋ? ದಿನಾ ಖರೆ ಖರೆ ಅಂತ ಬಡಕೋತಿದ್ದಿ, ನಿನ್ನ ಖರೇನ ಒಂದ ನುಂಗಿ ಕುಂತಿಯಲ್ಲೋ! ನಾ ಒಂದೂವರಿ ವರ್ಷ ನಿನ್ನ ಮಾರಿ ಸರಿಯಾಗಿ ನೋಡ್ಲಿಲ್ಲಲ್ಲೋ ಎಪ್ಪಾ!"

ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು, ನಕ್ಕು ಅತ್ತಳು. ಆಗ ಗದಿಗೆವ್ವನೂ ಅತ್ತಳು. ಬೆಳಗಿನಿಂದ ಬಾರದ ಅಳು ಈಗ ತಡೆಯಿಲ್ಲದೆ ಬಂತು. ಆ ಅಳುವಿನ ದನಿ ಕೇಳಿ ಕಾಂಚನಾಳಿಗೆ ಸಮಾಧಾನವಾಯಿತು.

"ಏಳಪಾ," ಎಂದು ಸಿದ್ದಾರೂಢ ಅಝೀಮನ ರಟ್ಟೆ ಹಿಡಿದು ಎಬ್ಬಿಸಿದ. "ಮಣ್ಣ ಕೊಡು."

ಅಝೀಮ ಕೊಟ್ಟ. ಸಿದ್ದಾರೂಢ, ಕಾಂಚನಾ, ಲಕ್ಷ್ಮಪ್ಪ, ನಿಶಾತ, ಬಂದವರೆಲ್ಲ ಒಬ್ಬೊಬ್ಬರಾಗಿ ಕೊಟ್ಟರು. ಕಡೆಗೆ ಗದಿಗೆವ್ವ ಕೊಟ್ಟಳು. ತೋಡಿದ್ದ ಇಬ್ಬರು ಮಣ್ಣೆಳೆದು ದಿನ್ನೆ ಮಾಡಿದರು. ಜನ ಕೈಕಾಲು ತೊಳೆದುಕೊಂಡು ಊರ ದಾರಿ ಹಿಡಿದರು. ಹಿಂದಿರುಗುವಾಗ ಮಾತು ಏರಿತ್ತು. ಆ ಸಾಹೇಬನ ಮಕ್ಕಳು ಪಾಪ ಎಲ್ಲಿದ್ದಾರೋ ಎಂದು ಯಾರೋ ಮರುಗಿದರು, ಅಂಥವಗ ಮಕ್ಕಳ ಇದ್ದಿರಲಿಕ್ಕಿಲ್ಲ ಬಿಡು ಎಂದು ಲಕ್ಷ್ಮಪ್ಪ ಅಂದ.

ಮೌಲಾಸಾಬ ಮಾತ್ರ ನಿಂತಲ್ಲಿಯೇ ನಿಂತಿದ್ದ. ಅವನೊಬ್ಬನೇ ಮಣ್ಣು ಕೊಟ್ಟಿರಲಿಲ್ಲ.

"ಬರ್ರಿ ಅಣ್ಣಾರ," ಎಂದಳು ಗದಿಗೆವ್ವ. "ಮನೀಗೆ ಬಂದು ಒಂದ ಗುಟಕ ನೀರ ಕುಡದ ಹೋಗ್ರಿ."

"ನೀವ ನಡೀರಿ ವೈನಿ. ನಂದೊಂದ ಉಳದೈತಿ."

"ಏನದು?"

ಆತ ಮಣ್ಣಿನ ದಿನ್ನೆಯ ಕಡೆ ನೋಡಿದ. "ಅಝೀಮನ್ನ ತಗದ ಮ್ಯಾಲ ನಾ ರೂಮ ಬಿಟ್ಟು ಬಾಜೂ ಖೋಲಿಗೆ ಹೋದೆ. ನಳ ಇಬ್ಬರಿಗೂ ಒಂದ. ದಿನಾ ಮುಂಜಾನಿ ಅವ ಅಲ್ಲಿ ನಿಂತಿರತಿದ್ದ. 'ಶರಣ್ರೀ ಮೌಲಾಸಾಬ್ರ' ಅಂತಿದ್ದ. ನಾ ಒಂದ ಸಲಾನೂ ಹೊಳ್ಳಿ ಶರಣು ಅನ್ನದ ಬಕೀಟ ಎತ್ತಿಕೊಂಡು ಹೋಗತಿದ್ದೆ. ಮಳಿ ಇರಲಿ, ಚಳಿ ಇರಲಿ, ಒಂದಿನಾ ತಪ್ಪಿಸಲಿಲ್ಲ ವೈನಿ ಅವ. ನಿನ್ನೆ ಊರಿಗೆ ಹೊಂಟಾಗೂ ಅಂದ."

ಗದಿಗೆವ್ವ ಮಗಳ ಹೆಗಲು ಹಿಡಿದು ಬದು ಏರಿದಳು. ಬದುವಿನ ಮೇಲಿಂದ ಒಮ್ಮೆ ತಿರುಗಿದಳು.

ಮೌಲಾಸಾಬ ಚಪ್ಪಲಿ ಬಿಟ್ಟು ಹೊಸ ಮಣ್ಣಿನ ಮುಂದೆ ನಿಂತಿದ್ದ. ಅವನ ಬಲಗೈ ಎದೆಗೆ ಬರುತ್ತಿತ್ತು, ತಲೆ ಬಾಗುತ್ತಿತ್ತು, ತುಟಿ ಅಲುಗುತ್ತಿತ್ತು. ಕೈ ಇಳಿಯುತ್ತಿತ್ತು. ಸ್ವಲ್ಪ ತಡೆದು ಮತ್ತೆ ಎದೆಗೆ ಬರುತ್ತಿತ್ತು. ಗುದ್ದಲಿ ಹೆಗಲಿಗೇರಿಸಿ ಹೊರಟಿದ್ದ ಇಬ್ಬರು ಅವನನ್ನು ಅವಸರಿಸದೆ, ಗುದ್ದಲಿ ಕೆಳಗಿಟ್ಟು ಬಿಸಿಲಲ್ಲಿ ಕುಳಿತರು.